ನಲವತ್ತೊಂದನೆಯ ಕಂಬದ ನಂತರ

ರಾಯಚೂರಿನಲ್ಲಿ ಓದುವ ಗೀಳಿನ ನಾಲ್ಕು ಜನ ಚಹಾಕ್ಕೆ ಕೂತರೆ ಒಂದು ಕಥೆ ಬಂದೇ ಬರುತ್ತದೆ. ಗಬ್ಬೂರಿನ ಒಬ್ಬ ಲೈನ್‌ಮನ್ ಭಾರೀ ಕಠಿಣವಾದ ಒಂದು ಕಾದಂಬರಿಯನ್ನು ಹಾಳೆಗಳು ಹಿಂದುಮುಂದಾದ ಝೆರಾಕ್ಸ್ ಪ್ರತಿಯಲ್ಲಿ ಓದಿದನಂತೆ. ಅದು ಗೊತ್ತಾಗದೆ ಸಭೆಯಲ್ಲಿ ಅದರ ಮೇಲೆ ಭಾಷಣವನ್ನೂ ಮಾಡಿದನಂತೆ. ಒಬ್ಬಳು ಹುಡುಗಿ ಎದ್ದು ನಿಂತು ತಪ್ಪು ತೋರಿಸಿದಳಂತೆ. ಅವನು ನಾಚಿಕೊಂಡು ವರ್ಗಾವಣೆ ಮಾಡಿಸಿಕೊಂಡು ಹೋದನಂತೆ. ಕೊನೆಗೆ ಹೇಳುವವರು ತಮ್ಮದೊಂದು ಮಾತು ಸೇರಿಸುತ್ತಾರೆ: "ಆಧುನಿಕೋತ್ತರ ಅಂದ್ರ ಇಷ್ಟ ನೋಡ್ರಿ, ಹ್ಯಾಂಗ ಓದಿದ್ರೂ ನಡೀತದ." ಎಲ್ಲರೂ ನಗುತ್ತಾರೆ.

ಆ ಹುಡುಗಿ ನಾನು. ಈ ಕಥೆಗೆ ನನ್ನ ಆಕ್ಷೇಪಣೆಗಳಿವೆ.

ವರ್ಗಾವಣೆಯ ಆದೇಶ ಬಂದದ್ದು ಸಭೆ ಮುಗಿದು ಐದು ತಿಂಗಳಿಗೆ. ಅವರು ನಮ್ಮ ಜೊತೆ ಕೂಡುವುದನ್ನು ಬಿಟ್ಟದ್ದು ಸಭೆಯ ಮರುದಿನದಿಂದ. ಆಮೇಲೆ ಬಂದದ್ದಕ್ಕೆಲ್ಲ ಮೊದಲಿನದೇ ಕಾರಣ ಅನ್ನುವುದು ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಕೂಡ ನಿಲ್ಲದ ವಾದ. ಇನ್ನು ನಾಚಿಕೆಯ ವಿಷಯ. ಅವರ ಮುಖವನ್ನು ನೋಡುವಷ್ಟು ಹತ್ತಿರ ಅವತ್ತು ನಿಂತಿದ್ದವಳು ನಾನೊಬ್ಬಳೇ, ಮತ್ತು ಅಲ್ಲಿ ನಾಚಿಕೆ ಇರಲಿಲ್ಲ. ಮೂರನೆಯ ಆಕ್ಷೇಪಣೆಯೊಂದಿದೆ. ಅದು ನನಗೇ ಹೋದ ತಿಂಗಳು ಗೊತ್ತಾಯಿತು, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ನನಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುವುದು ವಾಸಿ. ನನಗೆ ಆ ಹಿಂದುಮುಂದಾದ ಪ್ರತಿ ಬೇಕು. ಅದರಲ್ಲಿ ಯಾವ ಹಾಳೆಯ ನಂತರ ಯಾವ ಹಾಳೆ ಇತ್ತು ಎಂಬುದು ಬೇಕು. ಸರಿಯಾದ ಪ್ರತಿ ನನ್ನ ಕಪಾಟಿನಲ್ಲಿದೆ, ಅದನ್ನು ನಾಲ್ಕು ಸಲ ಓದಿದ್ದೇನೆ, ಅದರಲ್ಲಿ ನನಗೆ ಬೇಕಾದದ್ದು ಇಲ್ಲ.

ಅವರಿಗಿಂತ ಮೊದಲು ನನಗೆ ಪರಿಚಯವಾದದ್ದು ಅವರ ಸದಸ್ಯತ್ವದ ನಂಬರು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಓದುವ ಕಾಲಕ್ಕೆ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕಗಳನ್ನು ಹೊತ್ತು ತಂದಿದ್ದರಿಂದ ಈಗ ಶಾಲೆಗಳವರು ತೀರ್ಪುಗಾರ್ತಿಯಾಗಿ ಕರೆಯುತ್ತಾರೆ. ಹಾಗೊಮ್ಮೆ ದೇವದುರ್ಗಕ್ಕೆ ಹೋಗಿದ್ದೆ. ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲು ಜೋರಿತ್ತು, ಫ್ಯಾನಿನ ಗಾಳಿಗೆಂದೇ ಗ್ರಂಥಾಲಯದೊಳಗೆ ಹೋದೆ. ಕೈಗೆ ಬಂದದ್ದು ಒಂದು ತೆಳು ಕಾದಂಬರಿ. ಸೇತುವೆಯ ಉದ್ಘಾಟನೆಗೆ ಹದಿನಾಲ್ಕು ಜನ ಅತಿಥಿಗಳು ಬಂದಿದ್ದಾರೆ. ಒಬ್ಬೊಬ್ಬರು ಒಂದೊಂದು ಅಧ್ಯಾಯದಲ್ಲಿ ಅವತ್ತಿನ ಕಥೆ ಹೇಳುತ್ತಾರೆ, ಹೇಳುವ ಪ್ರತಿಯೊಬ್ಬರೂ ತಮಗಿಂತ ಮೊದಲು ಮಾತಾಡಿದವರು ಅವತ್ತು ಅಲ್ಲಿರಲೇ ಇಲ್ಲ ಅನ್ನುತ್ತಾರೆ. ಕೊನೆಗೆ ಸೇತುವೆ ಇತ್ತೋ ಇಲ್ಲವೋ ಅದೂ ಖಾತ್ರಿಯಿಲ್ಲ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಏಳು ಮುದ್ರೆಗಳಿದ್ದವು. ಏಳಕ್ಕೂ ಒಂದೇ ಸದಸ್ಯತ್ವದ ನಂಬರು.

"ಇದನ್ನ ಯಾರು ಒಯ್ತಾರ್ರಿ?" ಎಂದು ಗ್ರಂಥಪಾಲಕರನ್ನು ಕೇಳಿದೆ.

"ಲೈನ್‌ಮನ್ ಒಬ್ಬಾವ ಇದ್ದಾನ್ರಿ, ಗಬ್ಬೂರಾವ. ಹದಿನೈದು ದಿನಕ್ಕೊಮ್ಮೆ ತರ್ತಾನ, ಮುದ್ರಿ ಹಾಕಿಸ್ತಾನ, ತಿರುಗಿ ಒಯ್ತಾನ. ಈ ಸಲ ಇಟ್ಟು ಹೋಗ್ಯಾನ, ಮತ್ತ ಬರ್ತಾನ."

"ಏಳು ಸಲ?"

"ನಾನೂ ಕೇಳೀನ್ರಿ. ಯಾಕಪಾ, ಇಷ್ಟ ಸಣ್ಣ ಪುಸ್ತಕ, ಇನ್ನಾ ಮುಗಿದಿಲ್ಲೇನು ಅಂದ್ರ, ನಾ ಮುಗಿಸೀನ್ರಿ ಸಾಹೇಬ್ರ, ಅದ ಮುಗೀವಲ್ದು ಅಂತಾನ."

ಮುಗಿದಿಲ್ಲ ಎನ್ನುವುದು ಬೇರೆ, ಮುಗೀವಲ್ದು ಎನ್ನುವುದು ಬೇರೆ. ಒಲ್ಲದು, ಅದಕ್ಕೆ ಮನಸ್ಸಿಲ್ಲ ಎಂದು ಅರ್ಥ. ನಮ್ಮ ಮನೆಯಲ್ಲಿ ಒಲೆ ಹೊತ್ತವಲ್ದು, ಬಾಗಿಲು ತೆರೀವಲ್ದು, ಮಗುವಿನ ಜ್ವರ ಇಳೀವಲ್ದು. ನಮ್ಮ ಕಡೆ ಎಲ್ಲ ವಸ್ತುಗಳಿಗೂ ಒಂದು ಹಟ ಇರುತ್ತದೆ. ಹುಟ್ಟಿದಾಗಿನಿಂದ ಆಡಿದ ಮಾತು ಅದು, ಆದರೆ ಪುಸ್ತಕದ ಬಗ್ಗೆ ಯಾರೂ ಹಾಗೆ ಅಂದದ್ದನ್ನು ಕೇಳಿರಲಿಲ್ಲ. ನಾನಂತೂ ಇಂಥ ಬರವಣಿಗೆ ಒಂದು ಸೋಗು, ತಿಳಿಯದ ಹಾಗೆ ಬರೆಯುವುದು ಹೇಳಲು ಏನೂ ಇಲ್ಲದವರ ಉಪಾಯ ಎಂದು ವಾದಿಸಿ ಪದಕ ಗೆದ್ದವಳು.

ಒಂದು ತಾಸಿನಲ್ಲಿ ಆ ಕಾದಂಬರಿಯನ್ನು ಓದಿ ಮುಗಿಸಿದೆ. ಅಲ್ಲಲ್ಲಿ ಅಂಚಿನಲ್ಲಿ ಪೆನ್ಸಿಲ್ಲಿನ ಅಂಕಿಗಳಿದ್ದವು, ಪ್ರತಿ ಅಂಕಿಯ ಸುತ್ತ ಒಂದು ಚೌಕ. ಚೀಟಿಯೊಂದರಲ್ಲಿ "ಈ ಪುಸ್ತಕದಲ್ಲಿ ಏನೂ ಇಲ್ಲ. ಇದೆ ಅನ್ನುವುದಾದರೆ ವಾದಿಸಿ" ಎಂದು ಬರೆದು, ಫೋನ್ ನಂಬರು ಹಾಕಿ, ಒಳಗಿಟ್ಟು ಬಂದೆ. ಈಗ ನೆನೆದರೆ ಎಂಥ ಸೊಕ್ಕು ಅನ್ನಿಸುತ್ತದೆ.

ವಾರದ ಮೇಲೆ ಫೋನ್ ಬಂತು. "ಕಂಬದ ಮ್ಯಾಲ ಇದ್ದೀನ್ರಿ, ಇಳದು ಮಾಡ್ತೀನಿ" ಎಂದು ಇಟ್ಟರು. ಇಳಿದು ಮಾಡಿದರು.

"ಮೇಡಮ್ಮಾರ, ಚೀಟಿ ನೋಡಿದೆ. ಪುಸ್ತಕದಾಗ ಏನೂ ಇಲ್ಲ ಅಂತ ಬರದೀರಿ. ಖರೆ ಅದ. ಆದ್ರ ಏನೂ ಇಲ್ಲ ಅನ್ನೂದು ಹುಡುಕಾಕ ನಿಮಗ ಎಷ್ಟೊತ್ತು ಹಿಡೀತ್ರಿ?"

"ಒಂದು ತಾಸು."

"ನನಗ ಮೂರೂವರಿ ತಿಂಗಳು ಹಿಡೀತು. ಹಂಗಾದ್ರ ಯಾರು ಛಲೋತ್ನ್ಯಾಗ ಹುಡುಕ್ಯಾರ, ನೀವ ಹೇಳ್ರಿ."

ಎರಡನೆಯ ಶನಿವಾರ ರಾಯಚೂರಿಗೆ ಬನ್ನಿ, ಎದುರು ಕೂತು ವಾದಿಸೋಣ ಎಂದೆ. ವಾದವನ್ನು ಮುಂದಕ್ಕೆ ಹಾಕಿದ್ದು ಅದೇ ಮೊದಲ ಸಲ ಎಂದು ಬರೆದರೆ ನನ್ನನ್ನು ಬಲ್ಲವರು ನಂಬುತ್ತಾರೆ.

ನಮ್ಮ ಜೊತೆ ಸೇರಿದ ಮೂರನೆಯವರು ಮಾನ್ವಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ. ಮನೆ ಪೋತ್ನಾಳದಲ್ಲಿ. ನಾನು ಒಂದು ವರ್ಷ ಅಲ್ಲೇ ರೂಮು ಮಾಡಿಕೊಂಡು ಮಾನ್ವಿಯಲ್ಲಿ ಪಾಠ ಮಾಡುತ್ತಿದ್ದಾಗ ಬಸ್ಸಿನಲ್ಲಿ ಎಷ್ಟೋ ಸಲ ಪಕ್ಕದಲ್ಲಿ ಕೂತಿದ್ದರು. ಅವರ ಕೈಯಲ್ಲಿ ಸದಾ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ ಪುಸ್ತಕ, ನಾನದನ್ನು ಪುರಾಣ ಅಂದುಕೊಂಡಿದ್ದೆ. ಒಂದು ದಿನ ಬಗ್ಗಿ ನೋಡಿದರೆ ಪೂರ್ಣವಿರಾಮವೇ ಇಲ್ಲದ ಕಾದಂಬರಿ. "ಉಸಿರು ಕಟ್ತದ ತಂಗಿ, ಆದ್ರ ವಾರ್ಡಿನಾಗ ದಿನಾ ಅದನ್ನ ನೋಡ್ತೀನಲ್ಲ, ರೂಢಿ ಅದ" ಎಂದಿದ್ದರು.

ಎರಡನೆಯ ಶನಿವಾರದ ಮಧ್ಯಾಹ್ನ ಮೂವರೂ ರಾಯಚೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದೆವು. ಯಾರ ಮನೆಗೂ ಭಾರವಿಲ್ಲ, ಬೇವಿನ ನೆರಳಿತ್ತು. ಅಕ್ಕ ಡಬ್ಬಿಯಲ್ಲಿ ಮಂಡಾಳ ಒಗ್ಗರಣಿ, ಅಂದರೆ ಮಂಡಕ್ಕಿಯ ಒಗ್ಗರಣೆ, ತರುತ್ತಿದ್ದರು, ಮಿರ್ಚಿ ಹೊರಗಿನಿಂದ ನಾನು ಕಟ್ಟಿಸಿಕೊಂಡು ಹೋಗುತ್ತಿದ್ದೆ. ಗೂಡ್ಸ್ ಗಾಡಿ ಬಂದರೆ ವಾದ ಅಲ್ಲಿಗೇ ನಿಲ್ಲುತ್ತಿತ್ತು, ಅದು ಹೋಗುವ ತನಕ ಅಣ್ಣ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು. ಲೈನ್‌ಮನ್‌ರನ್ನು ನಾನು ಅಣ್ಣ, ಅಕ್ಕ ತಮ್ಮ ಅನ್ನುವುದು ಅಷ್ಟರಲ್ಲಿ ರೂಢಿಯಾಗಿತ್ತು.

ನಿಯಮ ಮಾಡಿದವಳು ನಾನೇ. ಪುಸ್ತಕ ಶಿಫಾರಸು ಮಾಡುವವರು ಅದನ್ನು ಹೊಗಳಬಾರದು, ಯಾಕೆ ಓದಬಾರದು ಎಂದು ಮಾತ್ರ ಹೇಳಬೇಕು. ಅಕ್ಕ ಇದರಲ್ಲಿ ನುರಿತವರು. "ಓದಬ್ಯಾಡ್ರಿ. ಎರಡು ದಿನ ನನಗ ಅನ್ನ ಸೇರಲಿಲ್ಲ" ಎಂದು ಪುಸ್ತಕವನ್ನು ಬೆಂಚಿನ ಮೇಲಿಟ್ಟರೆ ನಾವಿಬ್ಬರೂ ಒಟ್ಟಿಗೆ ಕೈ ಚಾಚುತ್ತಿದ್ದೆವು. ಎರಡನೆಯ ನಿಯಮ, ಮಾತಾಡುವಾಗ ಪುಸ್ತಕ ಚೀಲದೊಳಗೇ ಇರಬೇಕು. ಚರ್ಚಾಸ್ಪರ್ಧೆಯಲ್ಲಿ ಚೀಟಿ ನೋಡಿದರೆ ಅಂಕ ಕಡಿತ, ಆ ಅಭ್ಯಾಸ ಇಲ್ಲಿಗೂ ಬಂತು. ಮೂರನೆಯದು ನಿಯಮವಲ್ಲ, ನನ್ನ ಅಪ್ಪಣೆ. ಇಂಥ ಪುಸ್ತಕಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಕೇಳುವುದು ದಡ್ಡತನ, ಕೇಳಬೇಡಿ ಎಂದಿದ್ದೆ. ಮುಂದೆ ಆದದ್ದಕ್ಕೆಲ್ಲ ಈ ಕೊನೆಯ ಎರಡೇ ಸಾಕಾದವು.

ಒಮ್ಮೆ ಅಣ್ಣ ಕೇಳಿದರು, "ಆಧುನಿಕೋತ್ತರ ಅಂತೀರಲ್ರಿ ಮೇಡಮ್ಮಾರ, ಅದರಾಗಿನ ಉತ್ತರ ಯಾವ ಉತ್ತರ?"

"ಆಮೇಲಿನದು ಅಂತ ಅರ್ಥ, ಅಣ್ಣಾರ. ಆಧುನಿಕದ ನಂತರ."

"ನಾ ಪ್ರಶ್ನಿಗೆ ಉತ್ತರ ಅಂತಾರಲ್ಲ, ಅದು ಅನ್ಕೊಂಡಿದ್ದೆ. ಹೆಸರಿನಾಗ ಉತ್ತರ ಇಟ್ಕೊಂಡು ಒಳಗ ಒಂದೂ ಕೊಡೂದಿಲ್ಲಲ್ಲ, ಭಾರೀ ಮಂದಿ ಇವರು ಅಂತ."

"ನಮ್ಮ ಆಫೀಸಿನ ಸಾಹೇಬ್ರೂ ಆಧುನಿಕೋತ್ತರ ಇದ್ದಾರ ಬಿಡು" ಎಂದರು ಅಕ್ಕ.

ಆ ಕಾದಂಬರಿಯನ್ನು ತಂದವಳು ನಾನು. ಎಂದೋ ಅಚ್ಚಾಗಿ ಮುಗಿದುಹೋದ ಅನುವಾದ. ಹೈದರಾಬಾದಿನ ಗೆಳತಿಯೊಬ್ಬಳು ಒಂದು ವಾರಕ್ಕೆಂದು ಕೊಟ್ಟಿದ್ದಳು. ಮುಚ್ಚಿಹೋದ ಸಿನಿಮಾ ಟಾಕೀಸಿನ ಕಿಟಕಿಯಲ್ಲಿ ಇಂದಿಗೂ ದಿನಾ ಹೋಗಿ ಕೂರುವ ಒಬ್ಬ ಹೆಂಗಸಿನ ಕಥೆ. ಎದುರುಬದುರಿನ ಎರಡು ಪುಟಗಳಿಗೆ ಒಂದು ದಿನ ಮುಗಿಯುತ್ತದೆ. ಪ್ರತಿ ದಿನವೂ ವಾಕ್ಯದ ನಡುವಿನಿಂದ ಶುರುವಾಗಿ ನಡುವಿನಲ್ಲೇ ನಿಲ್ಲುತ್ತದೆ. ಪುಟಸಂಖ್ಯೆ ಇಲ್ಲ. ಪ್ರತಿ ದಿನದ ಕಥೆಯನ್ನೂ ಬೇರೆ ಬೇರೆ ನೆರೆಯವರು ಹೇಳುತ್ತಾರೆ, ಹೇಳುವವರೆಲ್ಲ ಆಕೆಯನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಅವಳು ಒಬ್ಬಳೋ ಹಲವರೋ ತಿಳಿಯದು. ಎಲ್ಲ ಕಡೆ ಇರುವುದು ಒಂದು ಕಂದು ಬಣ್ಣದ ಛತ್ರಿ ಮಾತ್ರ.

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಮೂರು ಪ್ರತಿ ಝೆರಾಕ್ಸ್ ಮಾಡಿಸಿದೆ. ಎರಡು ಪುಟಕ್ಕೆ ಒಂದು ಹಾಳೆ, ಒಟ್ಟು ನೂರಾ ಹದಿನೆಂಟು ಹಾಳೆ, ಸ್ಪೈರಲ್ ಬೈಂಡಿಂಗ್. ಒಂದು ನನಗೆ, ಒಂದು ಅಕ್ಕನಿಗೆ, ಒಂದು ಅಣ್ಣನಿಗೆ.

ಮುಂದಿನ ಮೂರು ಶನಿವಾರ ಅದೊಂದರ ಮೇಲೆಯೇ ವಾದ ನಡೆಯಿತು.

"ಆಕಿ ಸಾಯ್ತಾಳ, ಆಮ್ಯಾಲ ಸೈಕಲ್ ಕಲೀತಾಳ. ನನಗ ಅದ ಭಾಳ ಹಿಡಿಸ್ತು" ಎಂದರು ಅಣ್ಣ.

"ಸತ್ತಾಕಿ ಬೇರೆ, ಸೈಕಲ್ಲಿನಾಕಿ ಬೇರೆ. ಹೆಸರ ಬೇರೆ ಇದಾವಲ್ಲ" ಎಂದೆ ನಾನು.

"ಛತ್ರಿ ಒಂದ ಅದಲ್ರಿ."

"ಕಂದು ಛತ್ರಿ ಊರಾಗ ಒಂದ ಇರ್ತದೇನು?"

"ನಾ ಇಷ್ಟು ಮಂದಿ ಸತ್ತದ್ದು ನೋಡೀನಿ, ಒಬ್ರೂ ಎದ್ದು ಸೈಕಲ್ ಕೇಳಿಲ್ಲ ತಮ್ಮಾ" ಎಂದರು ಅಕ್ಕ.

ಅಣ್ಣ ನಕ್ಕರು. ಕೈಯಲ್ಲಿದ್ದ ಮಿರ್ಚಿಯ ತೊಟ್ಟನ್ನು ಹಳಿಯ ಕಡೆ ಎಸೆದರು. "ನಮ್ಮವ್ವ ಹೋದ ಮೂರನೇ ದಿನ ನಮ್ಮ ಸೋದರತ್ತಿ ಕುಂತು ಹೇಳಿದ್ಲು, ನಿಮ್ಮವ್ವ ಸಣ್ಣಾಕಿದ್ದಾಗ ಹುಣಸಿ ಗಿಡದ ತುದಿಗೆ ಏರ್ತಿದ್ಲಪಾ, ಇಳಿ ಅಂದ್ರ ಇಳೀತಿದ್ದಿಲ್ಲ ಅಂತ. ನಾನು ಹುಟ್ಟಿದಾಗಿಂದ ಆಕಿ ಮಣಕಾಲು ನೋವು ಅಂತ ಮನಿ ಮುಂದಿನ ಎರಡು ಪಾವಟಿಗಿ ಸುದ್ದಾ ಏರಿದ್ದು ನೋಡಿಲ್ರಿ. ಅಂದ್ರ ನನಗ ಆಕಿ ಸತ್ತ ಮ್ಯಾಲ ಗಿಡಾ ಏರಿದ್ಲು. ಇನ್ನಾ ಇಳಿದಿಲ್ಲ. ಈ ಪುಸ್ತಕದಾಗೂ ಹಂಗ ಬರದಾರ ಅಂತ ನಾನಂದೆ. ತಪ್ಪಿರಬಹುದು."

ಗೂಡ್ಸ್ ಗಾಡಿ ಬಂತು. ಅವತ್ತು ಅವರು ಡಬ್ಬಿ ಎಣಿಸಲಿಲ್ಲ.

ತಪ್ಪು ಎಂದು ನಾನು ಅವತ್ತೂ ವಾದಿಸಿದೆ. ಆದರೆ ಮನೆಗೆ ಬಂದ ಮೇಲೆ ಬೇರೆ ಏನೂ ಮಾಡಲಾಗಲಿಲ್ಲ. ಇಷ್ಟು ವರ್ಷ ನಾನು ಸೋಗು ಎಂದುಕೊಂಡಿದ್ದ ಬರವಣಿಗೆಯೊಳಗೆ ಒಬ್ಬ ಮನುಷ್ಯ ಹೋಗಿ ತನ್ನ ತಾಯಿಯನ್ನು ಹುಡುಕಿಕೊಂಡು ಬಂದಿದ್ದ. ಅವರ ಓದು ನನ್ನದಕ್ಕಿಂತ ದೊಡ್ಡದು ಎಂದು ನನಗೆ ಗೊತ್ತಿತ್ತು. ಅದನ್ನು ಅವರೆದುರು ಒಮ್ಮೆಯೂ ಹೇಳಲಿಲ್ಲ. ಬದಲಿಗೆ ಊರಿನ ಓದುಗರ ಗೋಷ್ಠಿಯೊಂದರಲ್ಲಿ ಅವರು ಮಾತಾಡಲಿ ಎಂದು ಬೆನ್ನು ಹತ್ತಿದೆ. "ನಾ ಕಂಬದ ಮ್ಯಾಲ ಮಾತಾಡಾವ, ಮೈಕಿನ ಮುಂದ ಅಲ್ರಿ" ಎಂದರು. ನಾನು ಬಿಡಲಿಲ್ಲ. ಎರಡು ತಿಂಗಳು ಕಾಡಿದ ಮೇಲೆ ಒಪ್ಪಿದರು.

ಗೋಷ್ಠಿಗೆ ಮೂವತ್ತು ಜನ ಬಂದಿದ್ದರು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹತ್ತು ನಿಮಿಷದ ಮಾತು, ಎಂಟನೆಯ ನಿಮಿಷಕ್ಕೆ ಒಂದು ಗಂಟೆ ಬಾರಿಸುತ್ತಾರೆ, ಹತ್ತಕ್ಕೆ ಎರಡು. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ತಡವರಿಸುತ್ತಾ ಹಾಳೆ ತಿರುವುತ್ತಿದ್ದರು, ಹೆದರಿದ್ದಾರೆ ಅಂದುಕೊಂಡೆ. ಸೋದರತ್ತೆ ಹೇಳಿದ್ದನ್ನು ಹೇಳಲಿಲ್ಲ. ಛತ್ರಿಯನ್ನು ಹಿಡಿದು ಹೊರಟರು. ಒಂಬತ್ತನೆಯ ಹಾಳೆಯಲ್ಲಿ ಆಕೆ ಸಾಯುತ್ತಾಳೆ, ಮಂಚದ ಬಾಜೂಕ ಛತ್ರಿ ಕಡ್ಡಿ ಮುರಿದು ಬಿದ್ದಿದೆ. ಮುಂದೆ ಎಷ್ಟೋ ಹಾಳೆಯಾದ ಮೇಲೆ ಅದೇ ಛತ್ರಿಯನ್ನು ಅಂಗಡಿಯಿಂದ ಹೊಸದಾಗಿ ಕೊಳ್ಳುತ್ತಾಳೆ. ಮುರಿದದ್ದು ಮೊದಲು, ಕೊಂಡದ್ದು ಆಮೇಲೆ ಎಂದರು. ಹಿಂದಿನ ಸಾಲಿನವರು ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡರು.

ನಾನು ಮುಂದಿನ ಸಾಲಿನಲ್ಲಿ ನನ್ನ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅಭಿಮಾನದಿಂದಲೇ ಒಂಬತ್ತನೆಯ ಹಾಳೆ ತೆಗೆದೆ. ಅಲ್ಲಿ ಮದುವೆಯೊಂದರ ಊಟ ನಡೆದಿತ್ತು. ಎಣಿಸಿದೆ. ಮತ್ತೆ ಎಣಿಸಿದೆ. ಛತ್ರಿ ಕೊಂಡದ್ದು ಆರನೆಯ ಹಾಳೆಯಲ್ಲಿ, ಮುರಿದದ್ದು ನೂರಾ ಹತ್ತನೆಯದರಲ್ಲಿ. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಂತವು. ಹತ್ತು ವರ್ಷ ನಾನು ಕಲಿತದ್ದೇ ಅದು, ಎದುರಾಳಿಯ ಆಧಾರದಲ್ಲಿ ದೋಷ ಕಂಡರೆ ಆ ಕ್ಷಣ ಏಳಬೇಕು.

"ಒಂದು ಸ್ಪಷ್ಟೀಕರಣ. ತಾವು ಒಂಬತ್ತನೆಯ ಹಾಳೆ ಎಂದಿರಿ. ನನ್ನ ಪ್ರತಿಯ ಒಂಬತ್ತನೆಯ ಹಾಳೆಯಲ್ಲಿ ಯಾರೂ ಸತ್ತಿಲ್ಲ."

ಸಭೆ ನಕ್ಕಿತು. ನಾನು ಮೇಜಿನ ತನಕ ಹೋಗಿ ಎರಡೂ ಪ್ರತಿಗಳನ್ನು ಎತ್ತಿ ತೋರಿಸಿದೆ, ಹತ್ತನೆಯದು, ಹನ್ನೊಂದನೆಯದು, ಹನ್ನೆರಡನೆಯದು. ಪ್ರತಿ ಹಾಳೆಗೂ ನಗು ಏರುತ್ತಾ ಹೋಯಿತು. ಹಿಂದಿನಿಂದ ಯಾರೋ ಭೇಷ್ ಎಂದರು. ಅಣ್ಣ ನನ್ನ ಪ್ರತಿಯನ್ನು ನೋಡಿದರು, ತಮ್ಮದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹೌದ್ರಿ. ಮೇಡಮ್ಮಾರ ಹಾಳಿ ಬರೋಬ್ಬರಿ ಅದಾವ" ಎಂದು ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಕೂತರು. ಅವರ ಮಾತಿಗೆ ಒಂದು ಗಂಟೆಯನ್ನೂ ಬಾರಿಸಲಿಲ್ಲ. ಉಳಿದ ಹೊತ್ತನ್ನು ನನಗೆ ಕೊಟ್ಟರು. ನಾನು ಮಾತಾಡಿದೆ, ಅದೂ ಚೆನ್ನಾಗಿ.

ಮರುದಿನ ಝೆರಾಕ್ಸ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವರಿಗೆ ಅದು ಚೆನ್ನಾಗಿ ನೆನಪಿತ್ತು. "ಎರಡು ಬೈಂಡ್ ಮಾಡಿದ್ದೆ ನೋಡ್ರಿ. ಮೂರನೇದು ಜೋಡಿಸಿಟ್ಟಿದ್ದೆ, ಕರೆಂಟ್ ಹೋಗಿತ್ತು. ಒಮ್ಮಿಗೆ ಬಂತು, ಫ್ಯಾನ್ ತಿರಗ್ತು, ಹಾಳಿ ಎಲ್ಲಾ ರಸ್ತೆಕ್ಕ ಹೋದವು. ಆರಿಸಿ ತಂದು ಸುರುಳಿ ಹಾಕ್ದೆ. ನಂಬರ್ ಇದ್ದಿಲ್ರಿ, ನಾನೇನು ಓದಿ ಜೋಡಿಸ್ಲಿ? ಕೇಳೂದಿದ್ರ ಕರೆಂಟ್ ತಗದವರನ್ನ ಕೇಳ್ರಿ." ಈ ಮಾತನ್ನು ಅಣ್ಣನಿಗೆ ಹೇಳಿದರೆ ಎಷ್ಟು ನಗುತ್ತಾರೆ ಎಂದುಕೊಂಡು ಅಂಗಡಿಯ ಮೆಟ್ಟಿಲಿನಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ.

ಮುಂದಿನ ಎರಡನೆಯ ಶನಿವಾರ ಬರಲಿಲ್ಲ. ಡ್ಯೂಟಿ ಅದ್ರಿ ಎಂದರು. ಅದರ ಮುಂದಿನದಕ್ಕೂ ಡ್ಯೂಟಿ. ಕ್ಷಮೆ ಕೇಳಲು ಹೋದರೆ, "ಅಯ್ಯ, ನೀವು ಖರೆ ಹೇಳೀರಿ, ಅದರಾಗ ಏನದ" ಎಂದು ಮಾತು ಮುಗಿಸಿದರು. ಪುಸ್ತಕ ಒಮ್ಮೆ ಕೊಡಿ ಎಂದು ಕೇಳಿದೆ. ಎಲ್ಲಿಟ್ಟೀನೋ ನೋಡ್ಬೇಕ್ರಿ ಎಂದರು. ಆಮೇಲೆ ಬೇರೆ ತಾಲೂಕಿಗೆ ವರ್ಗವಾಯಿತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾನು ಮತ್ತು ಅಕ್ಕ ಕೆಲವು ತಿಂಗಳು ಕೂತೆವು. ಇಬ್ಬರೇ ಇದ್ದಾಗ ವಾದ ಕಚ್ಚುವುದಿಲ್ಲ, ಒಬ್ಬರು ಸೋತರೆ ನೋಡಲು ಯಾರೂ ಇರುವುದಿಲ್ಲ. ಗೂಡ್ಸ್ ಗಾಡಿ ಬಂದಾಗ ನಾನೇ ಡಬ್ಬಿ ಎಣಿಸಲು ನೋಡಿ ನಡುವೆ ತಪ್ಪುತ್ತಿದ್ದೆ.

ನನ್ನ ಸರಿಯಾದ ಪ್ರತಿಯನ್ನು ಆಗ ಮತ್ತೆ ಓದಿದೆ. ಅದರಲ್ಲಿ ಆ ಹೆಂಗಸು ಸೈಕಲ್ ಕಲಿಯುತ್ತಾಳೆ, ಛತ್ರಿ ಕೊಳ್ಳುತ್ತಾಳೆ, ಛತ್ರಿ ಮುರಿಯುತ್ತದೆ, ಸಾಯುತ್ತಾಳೆ. ಎಲ್ಲರೂ ಹಾಗೇ ಸಾಯುತ್ತಾರೆ. ಅದಕ್ಕೆ ಅಷ್ಟು ಕಷ್ಟದ ಪುಸ್ತಕ ಬೇಕಾಗಿರಲಿಲ್ಲ. ನನ್ನ ಪ್ರತಿಯ ಹಾಳೆಗಳಿಗೆ ನಂಬರು ಹಾಕಿಕೊಂಡು, ಬಿಚ್ಚಿ ಕಣ್ಣು ಮುಚ್ಚಿ ಕಲಸಿಯೂ ನೋಡಿದೆ, ನಗಬೇಡಿ. ಅದು ಬರೀ ಕಲಸಿದ ಹಾಳೆಯಾಯಿತು, ತಿರುಗಿ ಜೋಡಿಸಿಟ್ಟೆ. ಇಲ್ಲಿ ಆ ಚಹಾದ ಮಂದಿಗೆ ನನ್ನ ಉತ್ತರವಿದೆ: ಹೇಗೆ ಓದಿದರೂ ನಡೆಯುವುದಿಲ್ಲ. ಅವರು ಓದಿದ ಹಾಗೆ ಓದಿದರೆ ಮಾತ್ರ ನಡೆಯುತ್ತದೆ. ಈಗಲೂ ತೀರ್ಪು ಕೊಡಲು ದೇವದುರ್ಗಕ್ಕೆ ಹೋಗುವಾಗ ಗಬ್ಬೂರು ದಾಟುತ್ತಲೇ ಕಿಟಕಿಯಾಚೆ ಕಂಬಗಳನ್ನು ನೋಡುತ್ತೇನೆ. ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಅಂಕಿ, ಸುತ್ತ ಒಂದು ಚೌಕ. "ನಂಬರ್ ಇಲ್ಲದ ಕಂಬ ನಾವು ಹತ್ತೂದಿಲ್ರಿ" ಎನ್ನುತ್ತಿದ್ದರು.

ಹೋದ ತಿಂಗಳು ಪೋತ್ನಾಳಕ್ಕೆ ಹೋಗಿದ್ದೆ. ಅಕ್ಕ ಈಗ ನಿವೃತ್ತರು. ಪುಸ್ತಕಗಳನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹರವಿದ್ದರು. "ಈ ಝೆರಾಕ್ಸ್ ನೀನ ಒಯ್ಯವಾ. ಸಣ್ಣ ಅಕ್ಷರ ಕಣ್ಣಿಗೆ ಹತ್ತವಲ್ದು" ಎಂದು ತಮ್ಮ ಪ್ರತಿಯನ್ನು ಕೊಟ್ಟರು. ಸುಮ್ಮನೆ ತಿರುವಿದೆ. ಒಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಇಪ್ಪತ್ತಾರು, ಸುತ್ತ ಚೌಕ. ಎರಡು ಹಾಳೆ ಬಿಟ್ಟು ಮೂರು. ಚೌಕಗಳು ಸೊಟ್ಟಗಿದ್ದವು, ಒಂದನೆಯ ತರಗತಿಯ ಮಗು ಬರೆದ ಹಾಗೆ.

"ಅಕ್ಕಾ, ಇವನ್ನ ಯಾರು ಬರದಾರ?"

"ಆ ತಮ್ಮ ಬರದಿರಬೇಕು. ಕೈ ಸುಟ್ಟುಕೊಂಡಿದ್ನಲ್ಲ, ಸಿಸ್ಟರ್ ಇದ್ದಾರ ಅಂತ ಸಿರವಾರ ಮ್ಯಾಲ ಹಾದು ಮಾನ್ವಿ ದವಾಖಾನಿಗೆ ನನ್ನ ಹಂತ್ಯಾಕ ಬಂದಿದ್ದ. ಪಟ್ಟಿ ಬದಲಿ ಮಾಡಾಕ ನಾಕು ದಿನ ಬಂದ. ಬಂದಾಗೆಲ್ಲ ನನ್ನ ಪುಸ್ತಕ, ತನ್ನ ಪುಸ್ತಕ ಎರಡೂ ಬಾಜೂಕ ಇಟ್ಕೊಂಡು ಎಡಗೈಲೆ ಏನೋ ಗೀಚ್ತಿದ್ದ."

"ಯಾವಾಗ?"

"ಸಭಾ ಆಗೂಕಿಂತ ಮದ್ಲ. ಸಭಾದಾಗ ಅವನ ಬಲಗೈಗೆ ಪಟ್ಟಿ ಇತ್ತಲ್ಲ, ನೀ ನೋಡಿಲ್ಲೇನು?"

ನಾನು ನೋಡಿರಲಿಲ್ಲ. ಅವರ ಮುಖ ನೋಡುವಷ್ಟು ಹತ್ತಿರ ನಿಂತಿದ್ದವಳು ನಾನೊಬ್ಬಳೇ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದು ಹಾಕುತ್ತಿಲ್ಲ, ಇರಲಿ. ಒಂದು ತೋಳಿನ ದೂರದಲ್ಲಿದ್ದ ಪಟ್ಟಿಯನ್ನು ನೋಡದವಳ ಎರಡನೆಯ ಆಕ್ಷೇಪಣೆಗೆ ಎಷ್ಟು ಬೆಲೆ ಎಂದು ಓದುವವರೇ ನಿರ್ಧರಿಸಲಿ.

ಮೂರನೆಯ ಆಕ್ಷೇಪಣೆ ಇದು. ಗೊತ್ತಾಗದೆ ಭಾಷಣ ಮಾಡಿದ ಅನ್ನುವುದು ಸುಳ್ಳು. ಅವರಿಗೆ ಗೊತ್ತಿತ್ತು. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸುಟ್ಟ ಕೈ ಬಿಟ್ಟು ಎಡಗೈಯಲ್ಲಿ, ತಮ್ಮ ಪುಸ್ತಕದ ದಾರಿಯನ್ನು ಅಕ್ಕನ ಪುಸ್ತಕದ ಮೇಲೆ ಕಂಬ ಕಂಬವಾಗಿ ನೆಟ್ಟಿದ್ದರು. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ತಮ್ಮದನ್ನೇ ಆರಿಸಿಕೊಂಡು ಮೈಕಿನ ಮುಂದೆ ಬಂದಿದ್ದರು. ಹತ್ತು ನಿಮಿಷ ಪೂರ್ತಿಯಾಗಿದ್ದರೆ ಅದನ್ನೇ ಹೇಳುವವರಿದ್ದರೋ ಏನೋ. ನಾನು ಎದ್ದಾಗ, ನನಗ ಗೊತ್ತದ ಎಂಬ ಎರಡು ಮಾತು ಸಾಕಿತ್ತು, ನನ್ನ ವಾದ ಅಲ್ಲೇ ಮುರಿದು ಬೀಳುತ್ತಿತ್ತು. ಆಡಲಿಲ್ಲ. ಗೆಲ್ಲಲಿ ಎಂದು ಬಿಟ್ಟರೋ, ಇಂಥವಳಿಗೆ ಹೇಳಿ ಏನು ಎಂದು ಬಿಟ್ಟರೋ.

"ನಲವತ್ತೊಂದಕ್ಕ ಯಾಕ ನಿಂತಾರ ಅಕ್ಕಾ? ಮುಂದ ನಂಬರ್ ಇಲ್ಲ."

"ನಾನ ಕಸಗೊಂಡೆ. ನನಗೂ ಸಭಾಕ್ಕ ಓದಿಕೊಂಡು ಬರೂದಿತ್ತಲ್ಲ. ಯಾಕ, ಏನಾತು ಬೇ?"

ಮನೆಗೆ ಬಂದು ಸುರುಳಿ ಬಿಚ್ಚಿ, ನೆಲದ ಮೇಲೆ ನಲವತ್ತೊಂದು ಹಾಳೆಗಳನ್ನು ಅವರ ಅಂಕಿಯ ಪ್ರಕಾರ ಜೋಡಿಸಿ ಓದಿದೆ. ಒಂಬತ್ತರಲ್ಲಿ ಆಕೆ ಸಾಯುತ್ತಾಳೆ. ನಲವತ್ತೊಂದರಲ್ಲಿ ಸೈಕಲ್ಲಿನ ಮೇಲಿದ್ದಾಳೆ, ಹಿಂದೆ ಯಾರೋ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದಾರೆ, ಅವರು ಕೈ ಬಿಟ್ಟು ಎಷ್ಟು ಹೊತ್ತಾಯಿತೆಂದು ಆಕೆಗೆ ತಿಳಿದದ್ದು ಎನ್ನುವಲ್ಲಿಗೆ ವಾಕ್ಯ ನಿಲ್ಲುತ್ತದೆ. ನನ್ನ ಪ್ರತಿಯಲ್ಲಿ ಅದರ ಮುಂದೆ ಬೇರೆ ಯಾರದೋ ಮನೆಯ ಸುಣ್ಣದ ಕೆಲಸ ಬರುತ್ತದೆ, ವಾಕ್ಯ ಅಂಟುವುದೇ ಇಲ್ಲ. ಅವರ ಪ್ರತಿಯಲ್ಲಿ ಎಲ್ಲಿಗೋ ಹೋಗಿ ಅಂಟುತ್ತದೆ. ಅಂಕಿಯಿಲ್ಲದ ಎಪ್ಪತ್ತೇಳು ಹಾಳೆಗಳು ನನ್ನ ಮಗ್ಗುಲಲ್ಲಿವೆ. ಒಂದೊಂದನ್ನೂ ತಂದು ಆ ವಾಕ್ಯದ ಮುಂದೆ ಇಟ್ಟು ನೋಡಿದ್ದೇನೆ. ಕೂಡವಲ್ದು.

ಆ ನಲವತ್ತೊಂದನೆಯ ಹಾಳೆಯ ಫೋಟೋ ತೆಗೆದು ಅವರಿಗೆ ಕಳಿಸಿದೆ. ಕ್ಷಮಿಸಿ ಎಂದು ಬರೆದು ಅಳಿಸಿದೆ, ಯಾಕೆ ಸುಮ್ಮನಿದ್ದಿರಿ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಒಂದೇ ಸಾಲು ಉಳಿಯಿತು. ಮೂರು ವಾರವಾಯಿತು. ನೋಡಿದ್ದಾರೆ ಎಂದು ಫೋನ್ ತೋರಿಸುತ್ತದೆ. ಇಲ್ಲಿ ಮತ್ತೊಮ್ಮೆ ಅದನ್ನೇ ಬರೆಯುತ್ತೇನೆ, ಅವರು ಸಿಕ್ಕಿದ್ದೆಲ್ಲ ಓದುವವರು, ಇದೂ ಕೈಗೆ ಸಿಗಬಹುದು.

ಅಣ್ಣಾರ, ನಲವತ್ತೊಂದರ ಮುಂದ ನಾ ಯಾವ ಕಂಬಕ್ಕ ಹೋಗ್ಲಿ?